ಹಸಿ ಬಣ್ಣ

ಎರಡನೆಯ ಸಲ ಬಳಿದ ಬಣ್ಣ ಬಾಲದ ರೆಕ್ಕೆಯ ಹತ್ತಿರ ತುಸು ಕೆಳಗಿಳಿದಿತ್ತು. ಅದನ್ನು ಕುಂಚದ ತುದಿಯಿಂದ ಮೇಲಕ್ಕೆಳೆದು ಸಮ ಮಾಡುತ್ತಿದ್ದಾಗ ಆರ್ಡೆನ್‌ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಗಳು ಮಾರಿಟ್.

"ಅಪ್ಪಾ, ನಾವು ಸಂಜೆಗಲ್ಲ, ಈಗ್ಲೇ ಬರ್ತಿದೀವಿ. ಇನ್ನೊಂದು ಗಂಟೆ ಅಷ್ಟೆ. ಕೇಯ್ಗೋನ ಅಮ್ಮನಿಗೆ ರಾತ್ರಿ ನಿದ್ದೇನೇ ಬರ್ಲಿಲ್ಲ. ನಾವು ಏಳೋ ಹೊತ್ತಿಗೆ ಕೋಟು ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ರು. ನದಿ ನೋಡ್ಬೇಕಂತೆ."

"ಬನ್ನಿ ಬನ್ನಿ. ನಿಧಾನಕ್ಕೆ ಬನ್ನಿ."

"ಅಪ್ಪಾ."

"ಏನಮ್ಮ?"

"ಅದು ಈಗ ನಮ್ಮನೇಲಿ ಇಲ್ಲ ತಾನೇ?"

"ಯಾವುದು?"

"ಅದೇ."

ಆರ್ಡೆನ್ ಕೈಯಲ್ಲಿದ್ದ ಕುಂಚವನ್ನು ನೋಡಿದ. ಎದುರಿಗಿದ್ದ ಒಂಬತ್ತಡಿ ಉದ್ದದ ಹಸಿರು ಬಾಂಬನ್ನು ನೋಡಿದ. "ಇಲ್ಲಮ್ಮ," ಅಂದ.

ಮೂವತ್ತು ವರ್ಷಕ್ಕೂ ಮೇಲೆ ಪರಮಾಣು ಸ್ಥಾವರದ ಪ್ರಯೋಗಶಾಲೆಯಲ್ಲಿ ನದಿಯ ನೀರು, ಹಸುವಿನ ಹಾಲು, ಬೇಲಿಯಾಚೆಯ ಹುಲ್ಲು ಪರೀಕ್ಷಿಸಿದವನಿಗೆ ಸುಳ್ಳು ಹೇಳುವುದು ರೂಢಿಯಿರಲಿಲ್ಲ. ಸೊನ್ನೆ ಬಂದರೂ ಅದರ ಪಕ್ಕದಲ್ಲಿ ಇಷ್ಟು ಹೆಚ್ಚುಕಡಿಮೆ ಎಂದು ಬರೆದವನು ಅವನು. ಈಗ ಅಂದ 'ಇಲ್ಲ'ದ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಬರೆಯಬೇಕು? ಬಾಂಬು ಗಾಲಿಯ ಬಂಡಿಯ ಮೇಲೆ ಕೂತಿತ್ತು. ಯುದ್ಧಕಾಲದಲ್ಲಿ ಸರ್ಕಾರ ಸಾಲಾಗಿ ಕಟ್ಟಿಸಿಕೊಟ್ಟ ಮನೆ ಅದು. ಗ್ಯಾರೇಜು ಆಗಿನ ಕಾರಿನ ಅಳತೆಗೆ ಇತ್ತು, ಹಿಂಬದಿಯ ಅರ್ಧ ಹಳೆಯ ಸಾಮಾನಿನಿಂದ ತುಂಬಿತ್ತು. ಬಂಡಿಯನ್ನು ಎಷ್ಟು ಒಳಗೆ ನೂಕಿದರೂ ಬಾಲ ಹೊರಗೇ ಉಳಿಯುತ್ತಿತ್ತು, ಬಾಗಿಲು ಮುಚ್ಚುತ್ತಿರಲಿಲ್ಲ. ಮೇಲೆ ಏನಾದರೂ ಹೊದಿಸೋಣವೆಂದರೆ ಬಣ್ಣ ಹಸಿ. ಪಕ್ಕದ ಬೀದಿಯ ವರ್ನ್‌ನ ಹಿತ್ತಲಿಗೆ ಎಳೆದುಕೊಂಡು ಹೋಗೋಣವೆಂದರೆ ಗಾಳಿ ಎದ್ದಿತ್ತು; ವೆಲ್ಬಿಯ ಗಾಳಿಯೆಂದರೆ ಅರ್ಧ ಮರಳು. ಹಸಿ ಬಣ್ಣಕ್ಕೆ ಧೂಳು ಕೂತರೆ ಮತ್ತೆ ಉಜ್ಜಿ ಮೊದಲಿನಿಂದ ಬಳಿಯಬೇಕು. ಮಗಳ ಮದುವೆಯೇ ಮುರಿದುಬೀಳಬಹುದಾದ ಈ ಗಳಿಗೆಯಲ್ಲೂ ತನಗೆ ಧೂಳಿನದೇ ಚಿಂತೆಯಾಗಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಇಳಿದ ಬಣ್ಣವನ್ನು ಇನ್ನೊಮ್ಮೆ ಎಳೆದು ಸಮ ಮಾಡಿದ.

ಮಾರಿಟ್ ಮದುವೆಯಾಗಲಿದ್ದ ಕೇಯ್ಗೋನ ತಾಯಿ ನಾಗಸಾಕಿಯವರು. ಆ ಹೆಸರನ್ನು ಆರ್ಡೆನ್ ಎಷ್ಟೋ ಕಡೆ ಓದಿದ್ದ, ನಕ್ಷೆಯಲ್ಲಿ ಬೆರಳಿಟ್ಟು ನೋಡಿದ್ದ, ಬಾಯಿಬಿಟ್ಟು ಅಂದದ್ದಿಲ್ಲ. ವೆಲ್ಬಿಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಅನ್ನಬಾರದೆಂದು ಯಾರೂ ಹೇಳಿಯೂ ಇರಲಿಲ್ಲ. ಅಪ್ಪನಿಗೆ ಅದು ಬರೀ 'ಅಲ್ಲಿ'. ಅಪ್ಪ ಸ್ಥಾವರದಲ್ಲಿ ಪೈಪು ಜೋಡಿಸುತ್ತಿದ್ದವನು. ಏನು ತಯಾರಾಗುತ್ತಿದೆ ಎಂದು ಅವನಿಗಾಗಲಿ ಜೊತೆಯವರಿಗಾಗಲಿ ಯಾರೂ ಹೇಳಿರಲಿಲ್ಲ. ನದಿಯ ನೀರು ತಣ್ಣಗೆ ಒಳಗೆ ಹೋಗಿ ಬೆಚ್ಚಗೆ ಹೊರಗೆ ಬರುತ್ತಿತ್ತು. "ನಮಗೆ ಸಂಬಳ ಕೊಟ್ಟು ನದಿ ಕಾಯಿಸ್ತಿದಾರೆ ಕಣೇ," ಎಂದು ಅಮ್ಮನಿಗೆ ಹೇಳಿ ನಗಿಸುತ್ತಿದ್ದನಂತೆ. ಆಮೇಲೆ ಆಗಸ್ಟಿನ ಒಂದು ದಿನ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಎಲ್ಲ ಬಂತು: 'ಅಲ್ಲಿ' ಬಿದ್ದ ಬಾಂಬಿನ ಸಿಡಿಮದ್ದು ತಯಾರಾದದ್ದು ಇಲ್ಲೇ ಎಂದು. ಬೀದಿಯ ಹೆಂಗಸರು ಪಾತ್ರೆ ಬಡಿದು ಕುಣಿದರು, ಯುದ್ಧ ಮುಗಿಯಿತು, ಅಣ್ಣತಮ್ಮಂದಿರು ಮನೆಗೆ ಬರುತ್ತಾರೆಂದು. ಅವರೇನು ಸಾವಿಗೆ ಕುಣಿದವರಲ್ಲ. ಹಾಗೆಂದು ಕುಣಿಯಲಿಲ್ಲವೆನ್ನುವುದಕ್ಕೂ ಆಗುವುದಿಲ್ಲ. ಅದಾಗಿ ಎಂಟು ವರ್ಷಕ್ಕೆ ಅಪ್ಪನೂ ಅವನ ಗೆಳೆಯರೂ ಪ್ಲೈವುಡ್ಡು ತಗಡು ಸೇರಿಸಿ ಶಾಲೆಯ ಫುಟ್‌ಬಾಲ್ ತಂಡಕ್ಕೆಂದು ಈ ಬಾಂಬು ಕಟ್ಟಿದರು. ಪ್ರತಿ ಶರತ್ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳು ಊರಿಗೆ ಬರುವ ವಾರ ಮೆರವಣಿಗೆಯ ಮುಂದೆ ಇದು ಹೋಗಬೇಕು. ಇದರ ಹೊಟ್ಟೆಯ ಮೇಲೆ ಚಿನ್ನದ ಬಣ್ಣದಲ್ಲಿ ಆ ವರ್ಷದ ಎದುರಾಳಿ ತಂಡದ ಊರಿನ ಹೆಸರು ಬರೆಯಬೇಕು. ಆಟ ಮುಗಿದ ಮೇಲೆ ಉಜ್ಜಿ ತೆಗೆದು, ಮುಂದಿನ ವರ್ಷ ಬೇರೆ ಊರು. ಅಪ್ಪನ ಕೈ ನಡುಗತೊಡಗಿದ ಮೇಲೆ ಅಕ್ಷರ ಬರೆಯುವ ಕೆಲಸ ಆರ್ಡೆನ್‌ಗೆ ಬಂದಿತ್ತು. ಅವನು ಸೊಗಸಾಗಿ ಬರೆಯುತ್ತಿದ್ದ. ಈ ವರ್ಷ ಕೆಟಲ್‌ಬ್ರೂಕ್. ಆರು ಜನ ಹುಡುಗರು ಗಾಯಗೊಂಡು ಕೂತಿದ್ದ ಬಡಪಾಯಿ ತಂಡ.

"ನೋರೀನ್!" ಎಂದು ಕೂಗಿದ.

ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಮುಖ ಹೊರಗೆ ಹಾಕಿದಳು. ವಿಷಯ ಕೇಳಿ, "ನಿನಗೆ ಇವತ್ತೇ ಬಣ್ಣ ಬಳೀಬೇಕಿತ್ತಾ ಮಾರಾಯ?" ಎಂದಳು.

"ಶುಕ್ರವಾರ ಮೆರವಣಿಗೆ. ಒಣಗೋಕೆ ಟೈಮು ಬೇಡ್ವಾ?"

"ಬೀಗಿತ್ತಿ ಬರೋ ದಿನ ಯಾವುದಾದ್ರೂ ಗಂಡಸು ಬೆಲೂನು ಊದ್ತಾನೆ, ಹುಲ್ಲು ಕತ್ತರಿಸ್ತಾನೆ. ನನ್ನ ಗಂಡ ಬಾಂಬು ಮಾಡ್ತಾನೆ. ಅದೂ ಎಲ್ಲಿಯೋರು ಬರ್ತಿದಾರೆ ಅಂದ್ರೆ..." ಅವಳೂ ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಒಳಗೆ ಹೋಗಿ ಬಕೆಟ್ಟಿನ ತುಂಬ ಒಗೆದ ಹೊದಿಕೆಗಳನ್ನು ತಂದಳು. ಗ್ಯಾರೇಜಿನ ಬಾಗಿಲ ಮುಂದೆ ಒಂದು ಹಗ್ಗ ಕಟ್ಟಿ, ಬಾಲದ ಮುಂದೆ ನಾಲ್ಕು ಬಿಳಿ ಹೊದಿಕೆಗಳನ್ನು ಸಾಲಾಗಿ ಹರವಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಇಂಥ ಗಾಳೀಲಿ ಯಾರೇ ಬಟ್ಟೆ ಒಣಗಿಸ್ತಾರೆ?" ಅಂದ ಆರ್ಡೆನ್.

"ಹುಚ್ಚರು. ಬಾಂಬಿಟ್ಕೊಂಡೋರು ಅನ್ನೋದಕ್ಕಿಂತ ಹುಚ್ಚರು ಅಂದ್ಕೊಳ್ಳಲಿ. ನೀನು ಹೋಗಿ ಅಂಗಿ ಬದಲಾಯಿಸು. ಕೊರಳವರೆಗೂ ಹಸಿರಾಗಿದೀಯ."

ಹೊದಿಕೆಗಳು ಉಬ್ಬಿ ಇಳಿದು ಉಬ್ಬಿ ಇಳಿದು ಉಸಿರಾಡುತ್ತಿದ್ದವು. ಕೈ ತೊಳೆಯುವಾಗ ಆರ್ಡೆನ್‌ಗೆ ಅಪ್ಪನ ಕೊನೆಯ ವರ್ಷಗಳ ಒಂದು ಸಂಜೆ ನೆನಪಾಯಿತು. ಟಿವಿಯಲ್ಲಿ ದೇಶದೇಶಗಳ ಹವಾಮಾನ ಹೇಳುತ್ತಿದ್ದರು. ಇಡೀ ಆಯುಷ್ಯ ಮಳೆ ಕಾಣದ ಪೊದೆಗಳ ನಡುವೆ ಕಳೆದ ಮನುಷ್ಯ ತಟ್ಟನೆ ಕೇಳಿದ: "ಅಲ್ಲಿ ಮಳೆ ಬರುತ್ತಾ?" ಅಲ್ಲಿ ಅಂದರೆ ಎಲ್ಲಿಯೆಂದು ಆರ್ಡೆನ್‌ಗೆ ಗೊತ್ತಿತ್ತು. ಕೇಳಿದವನ ಕಣ್ಣು ಪರದೆಯ ಮೇಲಿದ್ದರೂ ಕಿವಿ ಮಗನ ಕಡೆಗಿತ್ತು ಎಂಬುದೂ ಗೊತ್ತಿತ್ತು. "ಎಲ್ಲಿ?" ಎಂದು ಕೇಳಿದ. ಅಪ್ಪ ಮಗನ ಮುಖ ನೋಡಿ, "ಏನಿಲ್ಲ, ವಾಲ್ಯೂಮು ಜೋರು ಮಾಡು," ಅಂದ. ವಾಲ್ಯೂಮು ಜೋರು ಮಾಡಿದ ಆ ಹೆಬ್ಬೆರಳನ್ನು ಈಗ ಟರ್ಪೆಂಟೈನಿನಲ್ಲಿ ಅದ್ದಿ ತಿಕ್ಕುತ್ತ ನಿಂತಿರುವಾಗಲೇ ಹೊರಗೆ ಕಾರು ನಿಂತ ಸದ್ದು. ಅಂಗಿ ಬಿಚ್ಚಿ ಎಸೆದು, ಒಂದು ಬಿಳಿಯದನ್ನು ಹಾಕಿಕೊಂಡು, ಚಳಿಗೆ ಗೂಟದಲ್ಲಿದ್ದ ಜಾಕೆಟ್ಟನ್ನು ಎಳೆದುಕೊಂಡು ಓಡಿದ. ವೆಲ್ಬಿಯ ಗಂಡಸರೆಲ್ಲರ ಮನೆಯಲ್ಲೂ ಇರುವ ಹಸಿರು ಉಣ್ಣೆಯ ಜಾಕೆಟ್ಟು.

ಕೇಯ್ಗೋನ ತಾಯಿ ಫುಕಾಹೊರಿಯವರು ಪುಟ್ಟ ಹೆಂಗಸು. ಎಪ್ಪತ್ತು ದಾಟಿದವರು. ಕಾರಿನಿಂದ ಇಳಿದವರೇ ಕೈಚಾಚಿ, "ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಆದ್ದರಿಂದ ನನ್ನ ಮಾತು ಪಠ್ಯಪುಸ್ತಕದ ಹಾಗೆ ಇರುತ್ತದೆ. ನೀವು ನಗಬಹುದು," ಅಂದರು. ಆರ್ಡೆನ್ ನಗುವುದೋ ಬಾಗುವುದೋ ತಿಳಿಯದೆ ಎರಡನ್ನೂ ಮಾಡಿ, ಹಣೆಯನ್ನು ಕಾರಿನ ಬಾಗಿಲಿಗೆ ಬಡಿಸಿಕೊಂಡ. ಎತ್ತರದ ಕೇಯ್ಗೋ ಹಿಂದಿನಿಂದ ಪೆಟ್ಟಿಗೆ ಎತ್ತಿಕೊಂಡು ಬಂದ. ಗ್ಯಾರೇಜು ಎಡಕ್ಕೆ. ಆರ್ಡೆನ್ ಉಪಾಯವಾಗಿ ಎಲ್ಲರಿಗಿಂತ ಮುಂದಾಗಿ ಬಲಗಡೆಯ ಗುಲಾಬಿ, ಬಲಗಡೆಯ ಬೇಲಿ, ಬಲಗಡೆ ದೂರಕ್ಕೆ ಹೊಳೆಯುವ ಕೊಲಂಬಿಯಾ ನದಿ, ಒಂದೊಂದನ್ನೂ ಕೈತೋರಿಸಿ ಬಣ್ಣಿಸುತ್ತ ಅವರನ್ನು ಬಾಗಿಲವರೆಗೆ ಕರೆದುಕೊಂಡು ಹೋದ. ಹಿಂದೆ ಬರುವವರು ಯಾಕೋ ಏನೂ ಮಾತಾಡುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಒಂದು ಕೆಲಸ ತಾನು ಇತ್ತೀಚೆಗೆ ಮಾಡಿದ್ದೇ ಇಲ್ಲವೆಂದು ಅವನಿಗೆ ಅನಿಸಿತು.

ಬಾಗಿಲಲ್ಲಿ ನಿಂತಿದ್ದ ನೋರೀನ್ ಅವನ ಹಿಂದೆ ಬರುತ್ತಿದ್ದವರ ಮುಖ ನೋಡಿದಳು. ಮಾರಿಟ್ ಅಪ್ಪನ ರಟ್ಟೆ ಹಿಡಿದು ಅಡುಗೆಮನೆಯೊಳಕ್ಕೆ ಎಳೆದಳು.

"ಅಪ್ಪಾ, ಬೆನ್ನು!"

"ಏನಾಗಿದೆ ಬೆನ್ನಿಗೆ? ಬಣ್ಣ ಹತ್ತಿದೆಯಾ?"

"ಬಣ್ಣ ಅಲ್ಲಪ್ಪಾ. ಮೋಡ!"

ಜಾಕೆಟ್ಟಿನ ಬೆನ್ನ ತುಂಬ ಚಿನ್ನದ ದಾರದ ಅಣಬೆ ಮೋಡ. ಶಾಲೆಯ ಲಾಂಛನ. ಅದನ್ನು ಹೊತ್ತುಕೊಂಡು ಅವನು ಆ ಹೆಂಗಸಿನ ಮೂರಡಿ ಮುಂದೆ, ಬಾಗಿಲವರೆಗೂ, ಗುಲಾಬಿ ತೋರಿಸುತ್ತ ನಡೆದಿದ್ದ. ಆರ್ಡೆನ್ ಕುರ್ಚಿಯ ಮೇಲೆ ಕೂತುಬಿಟ್ಟ. ಪ್ರಯೋಗಶಾಲೆಗೆ ಹೊಸದಾಗಿ ಸೇರಿದವರಿಗೆ ಅವನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಒಂದಿತ್ತು: ಮಾದರಿ ಇಡುವ ಮೊದಲು ಖಾಲಿ ಪಾತ್ರೆಯನ್ನಿಟ್ಟು ಎಣಿಸಿ. ಏನೂ ಇಲ್ಲದಾಗಲೂ ವಿಕಿರಣ ಎಣಿಸುವ ಉಪಕರಣ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಗೋಡೆಯಿಂದ, ಮಣ್ಣಿನಿಂದ, ನಿಮ್ಮ ಮೂಳೆಯಿಂದಲೇ. ಅದು ಹಿನ್ನೆಲೆ. ಅದನ್ನು ಮೊದಲು ಕಳೆದುಬಿಡಿ, ಉಳಿದದ್ದೇ ಲೆಕ್ಕ. ಬಾಂಬು ಲೆಕ್ಕಕ್ಕೆ ಬಂದಿತ್ತು, ಅದಕ್ಕೆ ನಾಲ್ಕು ಹೊದಿಕೆ ಹರವಿದ್ದಾಯಿತು. ಮೋಡ ಹಿನ್ನೆಲೆಯಲ್ಲಿತ್ತು. ಈಗ ಕಣ್ಣೆತ್ತಿ ನೋಡಿದರೆ ಕಾಫಿ ಲೋಟದ ಮೇಲೆ ಮೋಡ, ತೂಗುಹಾಕಿದ ಕೈವಸ್ತ್ರದ ಮೇಲೆ ಮೋಡ, ಫ್ರಿಜ್ಜಿನ ಬಾಗಿಲಿಗೆ ಅಂಟಿದ ಮೂರು ಪುಟ್ಟ ಮೋಡಗಳು. ಮಾರಿಟ್ ಅವನ್ನು ಕಿತ್ತು ಕಿತ್ತು ಸಕ್ಕರೆ ಡಬ್ಬಿಗೆ ಹಾಕುತ್ತಿದ್ದಳು. ನೋರೀನ್ ಲೋಟಗಳನ್ನು ಓವನ್ನಿನೊಳಗೆ ಬಚ್ಚಿಡುತ್ತಿದ್ದಳು.

"ಸಹಾಯ ಬೇಕೆ?" ಎಂದು ಬಾಗಿಲಲ್ಲಿ ಫುಕಾಹೊರಿಯವರ ದನಿ. ಮೂವರೂ ಇದ್ದಲ್ಲೇ ನಿಂತರು. ಅವರು ಒಳಗೆ ಬಂದು, ಕುರ್ಚಿಯ ಬೆನ್ನಿಗೆ ಆರ್ಡೆನ್ ಬಿಚ್ಚಿ ಎಸೆದಿದ್ದ ಜಾಕೆಟ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ದಾರದ ಮೇಲೆ ಬೆರಳಾಡಿಸಿದರು. "ಕಸೂತಿ ಬಹಳ ಅಚ್ಚುಕಟ್ಟಾಗಿದೆ. ಯಾರು ಮಾಡಿದರು?"

"ನಾನೇ," ಅಂದಳು ನೋರೀನ್, ಕೆಂಪಾಗಿ. ಆಮೇಲೆ ತಡೆಯಲಾರದೆ, "ಅಂಚಿಗೆ ಜೋಡಿ ಹೊಲಿಗೆ ಹಾಕಿದೀನಿ," ಎಂದೂ ಸೇರಿಸಿದಳು.

"ಕಾಣಿಸುತ್ತಿದೆ," ಎನ್ನುತ್ತ ಅವರು ಮೋಡ ಒಳಗಾಗುವ ಹಾಗೆ ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಅದು ಕ್ಷಮೆಯೋ ಬರೀ ಬಟ್ಟೆ ಮಡಚುವ ಅಭ್ಯಾಸವೋ ಆರ್ಡೆನ್‌ಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಕಿಟಕಿಯ ಹತ್ತಿರ ಹೋಗಿದ್ದರು. "ನಿಮ್ಮ ಹೊದಿಕೆಯೊಳಗೆ," ಎಂದರು, "ಒಂದು ದೊಡ್ಡ ಮೀನು ಇದೆ."

ಗಾಳಿಗೆ ಎರಡು ಹೊದಿಕೆಗಳು ಹಿಂದಕ್ಕೆ ಉಬ್ಬಿ ಹಸಿ ಬಣ್ಣಕ್ಕೆ ಅಂಟಿಕೊಂಡಿದ್ದವು. ಬಿಳಿ ಬಟ್ಟೆಯ ಮೇಲೆ ನಾಲ್ಕು ರೆಕ್ಕೆಗಳೂ ಅಳತೆ ತಪ್ಪದೆ ಹಸಿರಾಗಿ ಮೂಡಿದ್ದವು. ತಾಯಿಯ ಹಿಂದೆಯೇ ಬಂದಿದ್ದ ಕೇಯ್ಗೋ ನಗು ತಡೆಯಲು ಹೋಗಿ ಮೂಗಿನಿಂದ ಏನೋ ಸದ್ದು ಮಾಡಿದ. "ಅಪ್ಪಾ, ಇಲ್ಲ ಅಂದ್ಯಲ್ಲ!" ಎಂದಳು ಮಾರಿಟ್. ಅವಳ ದನಿ ಅಳುವಿಗೂ ನಗುವಿಗೂ ಸಮದೂರದಲ್ಲಿತ್ತು.

"ಮೀನಲ್ಲ," ಅಂದ ಆರ್ಡೆನ್ ಫುಕಾಹೊರಿಯವರಿಗೆ. "ಬನ್ನಿ. ತೋರಿಸ್ತೀನಿ."

ಗ್ಯಾರೇಜಿನಲ್ಲಿ ಟರ್ಪೆಂಟೈನಿನ ವಾಸನೆ. ಹೊದಿಕೆ ಬಿಡಿಸಿದಾಗ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಬಂತು. ಅಡಿಯಲ್ಲಿ ಹಳೆಯ ಹಸಿರು, ಅದರಡಿಯಲ್ಲಿ ಯಾವುದೋ ವರ್ಷದ ಚಿನ್ನದ ಅಕ್ಷರದ ಒಂದು ಬಾಗು. ಫುಕಾಹೊರಿಯವರು ಕೈ ಹಿಂದೆ ಕಟ್ಟಿಕೊಂಡು ಬಾಂಬಿನ ಸುತ್ತ ಒಂದು ಸುತ್ತು ಬಂದರು. ಉಳಿದವರು ಬಾಗಿಲಲ್ಲೇ ನಿಂತಿದ್ದರು. ಆರ್ಡೆನ್‌ಗೆ ಕ್ಷಮಿಸಿ ಅನ್ನಬೇಕಿತ್ತು. ಯಾರ ಪರವಾಗಿ? ಅಪ್ಪನ ಪರವಾಗಿ ಕ್ಷಮೆ ಕೇಳಲು ಅಪ್ಪ ಅನುಮತಿ ಕೊಟ್ಟಿರಲಿಲ್ಲ. ದೇಶದ ಪರವಾಗಿ ಕೇಳಲು ಅವನಾರು. ಈ ತಗಡಿನ ಪರವಾಗಿ ಮಾತ್ರ ಕೇಳಿದರೆ ಅದು ಅವಮಾನ. ಈ ಎಲ್ಲದರ ನಡುವಿನಿಂದ ಅವನ ಬಾಯಿಂದ ಹೊರಬಿದ್ದದ್ದು ಬೇರೆಯೇ:

"ಇದು ನಿಮ್ಮೂರ ಮೇಲೆ ಬಿದ್ದ ತರದ್ದಲ್ಲ. ಆಕಾರ ತಪ್ಪು. ಅಪ್ಪನೋರು ಇದನ್ನ ಕಟ್ಟಿದಾಗ ನಿಜವಾದ ಆಕಾರ ಇನ್ನೂ ಗುಟ್ಟಾಗಿತ್ತು, ಸುಮ್ನೆ ಊಹೆ ಮೇಲೆ ಕಟ್ಟಿದ್ರು. ಇದು ಆ ಇನ್ನೊಂದು ಊರಿಗೆ ಹೋದದ್ದರ ತರ ಸಪೂರ ಇದೆ. ನಮ್ಮಲ್ಲಿ ಮಾಡಿದ್ದು ಅದಕ್ಕಲ್ಲ. ನಿಮ್ಮದು... ನಿಮ್ಮದು ದುಂಡಗಿತ್ತು."

ಹೇಳಿ ಮುಗಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ನೋರೀನ್ ಕಣ್ಣು ಮುಚ್ಚಿಕೊಂಡಳು.

ಫುಕಾಹೊರಿಯವರು ತಲೆಯಾಡಿಸಿದರು. "ನನಗೆ ಗೊತ್ತು. ನಮ್ಮ ಊರಿನಲ್ಲಿಯೂ ಒಂದು ಇದೆ. ವಸ್ತುಸಂಗ್ರಹಾಲಯದಲ್ಲಿ. ಅದು ದುಂಡಗೆ ಇದೆ." ಎರಡು ಕೈಗಳಿಂದ ಗಾಳಿಯಲ್ಲಿ ಅದರ ಹೊಟ್ಟೆಯನ್ನು ಬಿಡಿಸಿದರು. "ನಿವೃತ್ತಿಯಾದ ಮೇಲೆ ವಾರಕ್ಕೊಮ್ಮೆ ಶಾಲೆಯ ಮಕ್ಕಳನ್ನು ಅದರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಿಮ್ಮದಕ್ಕಿಂತ ನಮ್ಮದು ನಿಖರವಾಗಿದೆ." ಆಮೇಲೆ, "ನಾವು ಮೆರವಣಿಗೆ ಮಾಡುವುದಿಲ್ಲ," ಅಂದರು. ಅಂದವರು ನಗಲಿಲ್ಲ.

"ನಾನು ನೀರು ಪರೀಕ್ಷೆ ಮಾಡ್ತಿದ್ದೆ ಅಂತ ಮಾರಿಟ್ ಹೇಳಿರ್ಬೇಕು," ಅಂದ ಆರ್ಡೆನ್.

"ಹೇಳಿದಳು. ಯಾವ ಊರು ಎಂದು ಕೇಳಿದೆ. ವೆಲ್ಬಿ ಎಂದಳು. ನಾನು ಆ ರಾತ್ರಿಯೇ ನಕ್ಷೆ ನೋಡಿದೆ. ಪಾಪ, ಅವಳು ನನ್ನಿಂದ ಬಚ್ಚಿಡಲು ಬಹಳ ಶ್ರಮಪಡುತ್ತಿದ್ದಳು. ಅದಕ್ಕೆ ನಾನೂ ಗೊತ್ತಿಲ್ಲದವಳಂತೆ ಶ್ರಮಪಟ್ಟೆ." ಮಾರಿಟ್ ಮುಖ ಮುಚ್ಚಿಕೊಂಡಳು. "ನನ್ನ ತಾಯಿ ಬದುಕಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ. ನಾನು ಬರಬೇಕೆಂದೇ ಬಂದೆ. ಮಕ್ಕಳು ನನ್ನನ್ನು ಕೇಳುತ್ತಾರೆ, ಇದನ್ನು ಯಾರು ಕಳಿಸಿದ್ದು ಎಂದು. ಅಮೆರಿಕ ಎಂದು ಹೇಳುತ್ತೇನೆ. ಅದು ಬಹಳ ದೊಡ್ಡ ವಿಳಾಸ. ಅಂಚೆಯವನೂ ಒಪ್ಪುವುದಿಲ್ಲ. ಒಬ್ಬ ಹುಡುಗಿ ಕೇಳಿದಳು: ಮಾಡಿದವರು ಆ ದಿನ ಬೆಳಿಗ್ಗೆ ಏನು ತಿಂದಿದ್ದರು? ತಿಳಿದುಕೊಂಡು ಹೇಳುತ್ತೇನೆ ಎಂದಿದ್ದೇನೆ." ಅವರು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಕಾದು ನಿಂತರು, ತರಗತಿಯಲ್ಲಿ ಉತ್ತರಕ್ಕೆ ಕಾಯುವವರ ಹಾಗೆ.

ಆರ್ಡೆನ್ ಬಂಡಿಯ ಅಂಚಿಗೆ ಕೂತ. ಅಪ್ಪನ ಬೆಳಗು ಕಣ್ಣಿಗೆ ಬಂತು: ಕಬ್ಬಿಣದ ಬಾಣಲೆ, ಕಿಟಕಿಯ ಮಸುಕು ಬೆಳಕು, ಅಮ್ಮ ಬೆನ್ನು ತಿರುಗಿಸಿ ನಿಂತಿರುವುದು. "ಎರಡು ಮೊಟ್ಟೆ," ಅಂದ. "ಹಿಂದಿನ ರಾತ್ರಿಯ ಆಲೂಗಡ್ಡೆ ಹುರಿದು. ಡಬ್ಬಿಯ ಪೀಚ್ ಹಣ್ಣು ಒಂದು ಹೋಳು. ಯಾವಾಗ್ಲೂ ಅದೇ. ಮೊಟ್ಟೆ ಗಟ್ಟಿಯಾದ್ರೆ ಅಮ್ಮನ ಮೇಲೆ ಗೊಣಗ್ತಿದ್ದ."

"ಗೊಣಗುತ್ತಿದ್ದರು," ಎಂದು ಅವರು ಮೆಲ್ಲಗೆ ತಮಗೆ ತಾವೇ ಒಪ್ಪಿಸಿಕೊಂಡರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಅದು ಸಂತೋಷವೆಂದು ಹೇಳಲು ಆರ್ಡೆನ್‌ಗೆ ಧೈರ್ಯ ಸಾಲಲಿಲ್ಲ, ಹೆಚ್ಚುಕಡಿಮೆ ಹಾಗೇ ಇತ್ತು. "ಇದು ಒಳ್ಳೆಯ ಉತ್ತರ. ಆ ಹುಡುಗಿಗೆ ಕೋಪ ಬರುತ್ತದೆ. ಬರಲಿ. ಇನ್ನು ನೀವು ಒಂದು ಪ್ರಶ್ನೆ ಕೇಳಬಹುದು."

ಕೇಳಲು ಅವನ ಹತ್ತಿರ ಒಂದೇ ಪ್ರಶ್ನೆ ಇತ್ತು. ಅದು ಅವನದೂ ಆಗಿರಲಿಲ್ಲ. "ನಿಮ್ಮೂರಲ್ಲಿ ಮಳೆ ಬರುತ್ತಾ?"

ಫುಕಾಹೊರಿಯವರು ಈಗ ನಕ್ಕರು, ಪಠ್ಯಪುಸ್ತಕದಲ್ಲಿಲ್ಲದ ನಗು, ಬಾಯಿಗೆ ಕೈ ಅಡ್ಡ ಹಿಡಿದು. "ಬಹಳ! ಮನೆಗಳೆಲ್ಲ ಬೆಟ್ಟದ ಮೇಲೆ, ಮೆಟ್ಟಿಲು ಮೆಟ್ಟಿಲು. ಮಳೆ ಬಂದರೆ ಊರೆಲ್ಲ ಜಲಪಾತ. ಕೊಡೆ ಮರೆತವರು ಕೆಲಸಕ್ಕೆ ತಡ. ಮದುವೆಗೆ ಬನ್ನಿ, ನೆನೆಯುತ್ತೀರಿ."

ಮಾರಿಟ್ ನಗುತ್ತ ಅಳುತ್ತ ಕೇಯ್ಗೋನ ತೋಳಿಗೆ ಮೂಗೊರೆಸಿಕೊಂಡಳು. ನೋರೀನ್, "ಮೊಟ್ಟೆ ಇದೆ, ಆಲೂಗಡ್ಡೇನೂ ಇದೆ, ಪೀಚ್ ಡಬ್ಬಿ ತೆಗೀತೀನಿ," ಎನ್ನುತ್ತ ಮಕ್ಕಳಿಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು. ಫುಕಾಹೊರಿಯವರು ಬಾಂಬಿನ ಖಾಲಿ ಹೊಟ್ಟೆಯ ಮುಂದೆ ನಿಂತಿದ್ದರು. ಅಲ್ಲಿ ಬಣ್ಣ ಬೆಳಿಗ್ಗೆಯೇ ಬಳಿದದ್ದು, ಒಣಗಿತ್ತು. "ಇಲ್ಲಿ ಏನು ಬರೆಯುತ್ತೀರಿ?" ಎಂದು ಕೇಳಿದರು. ಎದುರಾಳಿ ಊರಿನ ಹೆಸರೆಂದು ಆರ್ಡೆನ್ ಹೇಳಿದ. ಅವರು, "ಪ್ರತಿ ವರ್ಷ ಯಾರಿಗೆ ಎಂದು ಮಾತ್ರ ಬರೆಯುತ್ತೀರಿ," ಅಂದರು. "ಯಾರಿಂದ ಎಂದು ಬರೆಯುವುದಿಲ್ಲ. ಪತ್ರಲೇಖನದಲ್ಲಿ 'ಇಂದ' ಬಿಟ್ಟವರಿಗೆ ನಾನು ಎರಡು ಅಂಕ ಕಳೆಯುತ್ತಿದ್ದೆ."

ಆರ್ಡೆನ್ ಅವರನ್ನೇ ನೋಡಿದ. ಆಮೇಲೆ ಎದ್ದು ಸೀಮೆಸುಣ್ಣ ಹುಡುಕಿ ಅವರ ಕೈಗೆ ಕೊಟ್ಟು, ಅದರಿಂದ ಉಜ್ಜಿದ ದಾರದ ಒಂದು ತುದಿ ಹಿಡಿದುಕೊಳ್ಳಲು ಹೇಳಿದ. ಗೆರೆ ನೆಟ್ಟಗೆ ಬಂತು. ಚಿನ್ನದ ಬಣ್ಣದ ಡಬ್ಬಿ ತೆರೆದು ಕಲಕಿದ. ಒಳಗೆ ಬಾಣಲೆ ಚರ್ ಅಂದಿತು.

ವರ್ನ್ ಬಂದಾಗ ಕೊನೆಯ ಅಕ್ಷರದ ಬಾಲ ಎಳೆಯುವುದಿತ್ತು. ಬಂದವನೇ ಹೊಸಿಲಲ್ಲಿ ಸೊಂಟಕ್ಕೆ ಕೈಕೊಟ್ಟು, "ಏನಯ್ಯ, ಮುಗೀತಾ ಮದುಮಗಳ ಅಲಂಕಾರ?" ಅಂದ. ಕಣ್ಣು ಕಿರಿದು ಮಾಡಿ ಓದಿದ. "ವೆಲ್ಬಿ... ಇದೇನಯ್ಯ ಇದು, ನಮ್ಮೂರ ಹೆಸರು? ಆಟ ಕೆಟಲ್‌ಬ್ರೂಕ್ ಮೇಲೆ ಕಣೋ! ನಮ್ಮ ತಲೆ ಮೇಲೆ ನಾವೇ ಹಾಕ್ಕೊಳ್ಳೋದಾ?"

"ಪೂರ್ತಿ ಓದು ವರ್ನ್. ವೆಲ್ಬಿಯಿಂದ."

"ಇಂದ," ಅಂದ ವರ್ನ್. ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದ. "ಸರಿ. ಇಂದ ಆಯ್ತು. ಯಾರಿಗೆ ಅಂತ ಬೇಡ್ವಾ?"

ಆರ್ಡೆನ್ ಕುಂಚವನ್ನು ಡಬ್ಬಿಯ ಅಂಚಿಗೆ ಅಡ್ಡವಿಟ್ಟ. ಸೀಮೆಸುಣ್ಣ ಮೆತ್ತಿದ ಕೈಗಳ ಪುಟ್ಟ ಹೆಂಗಸು ಬಾಂಬಿನ ಆಚೆಯಿಂದ ಈಚೆಗೆ ಬಂದರು.

"ವರ್ನ್, ಇವರು ಫುಕಾಹೊರಿಯವರು. ನಮ್ಮ ಬೀಗರು. ನಾಗಸಾಕಿಯಿಂದ ಬಂದಿದಾರೆ."

ಹೆಸರು ಹೊರಗೆ ಬಂತು. ಅಷ್ಟೇನೂ ಕಷ್ಟದ ಹೆಸರಲ್ಲ. ವರ್ನ್ ಹೆಂಗಸರ ಮುಂದೆ ಟೋಪಿ ತೆಗೆಯಬೇಕೆಂಬುದು ನೆನಪಾಗಿ ತೆಗೆದ. ತೆಗೆದ ಮೇಲೆ ಅದರ ಹಣೆಯ ಮೇಲಿದ್ದ ಮೋಡ ಅವನ ಕಣ್ಣಿಗೇ ಬಿತ್ತು. ಟೋಪಿಯನ್ನು ಆ ಕೈಗೆ ಈ ಕೈಗೆ ಬದಲಾಯಿಸಿದ, ಬೆನ್ನ ಹಿಂದೆ ಹಿಡಿದ, ಅದು ಯಾಕೋ ಇನ್ನೂ ಕೆಟ್ಟದೆನಿಸಿ ಮತ್ತೆ ಮುಂದೆ ತಂದ. ಕೊನೆಗೆ ಕೈಕುಲುಕಲು ಬಲಗೈ ಖಾಲಿ ಬೇಕಾಗಿ, ಅತ್ತಿತ್ತ ನೋಡದೆ ಅದನ್ನು ಹತ್ತಿರದಲ್ಲಿದ್ದ ಬಾಲದ ರೆಕ್ಕೆಯ ಮೇಲೆ, ಮೋಡ ಕೆಳಗಾಗಿ, ಇಟ್ಟುಬಿಟ್ಟ.

"ಹಸಿ! ಹಸಿ!" ಎಂದು ಆರ್ಡೆನ್ನೂ ಫುಕಾಹೊರಿಯವರೂ ಒಟ್ಟಿಗೇ ಕೂಗಿದರು.